ಅಳತೆ ಟೇಪು ಅವನ ಕೈಗೆ ಕೊಡಿ



ನಾನು ರಾಣೆಬೆನ್ನೂರಿನವಳು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಯಜಮಾನರು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ, ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ರಾತ್ರಿ ಒಂಬತ್ತಕ್ಕೇ ಬರುವುದು. ಮಗನಿಗೆ ಏಳು ವರ್ಷ, ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಒಂದನೇ ತರಗತಿ ಮುಗಿಸಿದ. ಮಗಳಿಗೆ ನಾಲ್ಕು, ಎಲ್‌ಕೆಜಿ ಆಯಿತು. ರಜೆ ಶುರುವಾಗಿ ಹತ್ತು ದಿನವೂ ಆಗಿಲ್ಲ, ಮಗ ಆಗಲೇ ಕಲಿತದ್ದನ್ನು ಮರೆಯತೊಡಗಿದ್ದಾನೆ. ಮೊನ್ನೆ ‘ಸೆವೆಂಟೀನ್ ಬರೆ’ ಅಂದರೆ 71 ಬರೆದ. ಶಾಲೆಯವರು ನಲವತ್ತು ಪುಟದ ಹಾಲಿಡೇ ಹೋಮ್‌ವರ್ಕ್ ಕೊಟ್ಟಿದ್ದಾರೆ. ಅದನ್ನು ಮುಂದಿಟ್ಟರೆ ಸಾಕು, ಹೊಟ್ಟೆ ನೋವು ಅನ್ನುತ್ತಾನೆ. ಸಿಟ್ಟಿಗೆ ಎರಡು ಏಟು ಹೊಡೆದೂಬಿಟ್ಟೆ.

ಪಕ್ಕದ ಮನೆಯ ಹುಡುಗಿ ಅಬಾಕಸ್ ಕ್ಲಾಸಿಗೆ, ಹ್ಯಾಂಡ್‌ರೈಟಿಂಗ್ ಕ್ಲಾಸಿಗೆ ಹೋಗುತ್ತಾಳೆ. ಎರಡಕ್ಕೂ ಸೇರಿ ಐದು ಸಾವಿರ. ನಮ್ಮ ಕೈಲಿ ಆಗುವುದಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಅದೂ ಕನ್ನಡ ಮೀಡಿಯಂ. ಇಂಗ್ಲಿಷ್ ಹೇಳಿಕೊಡಲು ಬರುವುದಿಲ್ಲ. ಮಿಷನ್ ಮುಂದೆ ಕೂತರೆ ಮಕ್ಕಳ ಕೈಗೆ ಮೊಬೈಲ್ ಕೊಡುವುದೇ ಗತಿ. ಹಿರೇಕೆರೂರು ಕಡೆ ಹಳ್ಳಿಯಲ್ಲಿರುವ ನಮ್ಮವ್ವ ‘ಹದಿನೈದು ದಿನ ಇಬ್ಬರನ್ನೂ ಕಳಿಸಿಕೊಡು’ ಅನ್ನುತ್ತಾಳೆ. ಅಲ್ಲಿಗೆ ಕಳಿಸಿದರೆ ಇರುವುದೂ ಹೋಗುತ್ತದೆ ಎಂಬ ಭಯ. ಏನು ಮಾಡಲಿ?

– ಹೆಸರು ಬೇಡ, ರಾಣೆಬೆನ್ನೂರು

ತಂಗಿ,

ಮೊದಲು ಆ 71ರ ಲೆಕ್ಕ ಮುಗಿಸಿಬಿಡೋಣ. ಅದನ್ನು ಮರೆವು ಅಂದುಕೊಂಡಿದ್ದೀರಿ. ಸೆವೆಂಟೀನ್ ಎಂದು ನೀವೊಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಬಾಯಿಂದ ಮೊದಲು ಹೊರಡುವುದು ಏಳು, ಹತ್ತು ಹಿಂದಿನಿಂದ ಬರುತ್ತದೆ. ನಿಮ್ಮ ಮಗ ಕಿವಿಗೆ ಬಿದ್ದ ಕ್ರಮದಲ್ಲೇ ಬರೆದ. ಇಂಗ್ಲಿಷ್‌ನಲ್ಲಿ ಹದಿಮೂರರಿಂದ ಹತ್ತೊಂಬತ್ತರವರೆಗೆ ಹೆಸರುಗಳೆಲ್ಲ ಹೀಗೇ ಹಿಂದುಮುಂದು. ಹನ್ನೊಂದು, ಹನ್ನೆರಡರ ಇಂಗ್ಲಿಷ್ ಹೆಸರಿನಲ್ಲಂತೂ ಹತ್ತು ಎಲ್ಲಿ ಅಡಗಿದೆಯೋ ಮಗುವಿಗೆ ಕಾಣುವುದೇ ಇಲ್ಲ. ಇಂಗ್ಲಿಷ್ ಮಾತಾಡುವ ಮನೆಗಳ ಮಕ್ಕಳೂ ಇಲ್ಲೇ ಎಡವುತ್ತಾರೆ.

ಈಗ ಹದಿನೇಳು ಅನ್ನಿ. ಹತ್ತು ಮೊದಲು, ಏಳು ಆಮೇಲೆ. ಬರೆಯುವುದೂ ಹಾಗೇ. ಇಪ್ಪತ್ತು ಅಂದರೆ ಎರಡು ಹತ್ತು, ಮೂವತ್ತು ಮೂರು ಹತ್ತು, ಅರವತ್ತು ಆರು ಹತ್ತು. ಹೆಸರಿನೊಳಗೇ ಲೆಕ್ಕ ಕೂತಿದೆ. (ತೊಂಬತ್ತು ಒಂದು ಮಾತ್ರ ಸ್ವಲ್ಪ ಹಠಮಾರಿ, ಅದನ್ನು ಹಾಗೇ ಒಪ್ಪಿಕೊಳ್ಳಬೇಕು.) ಸಂಖ್ಯೆಯ ಸ್ಥಾನಬೆಲೆ ಎಂದು ಶಾಲೆಯಲ್ಲಿ ಹಲಗೆಯ ಮೇಲೆ ಬರೆದು ಬೆವರು ಸುರಿಸಿ ಕಲಿಸುವುದನ್ನು ನಮ್ಮ ಭಾಷೆ ಎಣಿಸುತ್ತ ಎಣಿಸುತ್ತ ಹೇಳಿಕೊಡುತ್ತದೆ. ಈ ಪಾಠ ಮಾಡಲು ಕನ್ನಡ ಮೀಡಿಯಂ ಎಸ್ಸೆಸ್ಸೆಲ್ಸಿ ಧಾರಾಳ ಸಾಕು. ‘ಇಂಗ್ಲಿಷ್ ಹೇಳಿಕೊಡಲು ಬರುವುದಿಲ್ಲ’ ಎಂದು ನೀವು ತಲೆ ತಗ್ಗಿಸಿ ಬರೆದಿದ್ದೀರಲ್ಲ, ಆ ವಾಕ್ಯವನ್ನು ನಾನು ಒಪ್ಪುವುದಿಲ್ಲ.

ಮೂವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸಿದವಳು ನಾನು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿ 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಹುಣಸೆ ಬೀಜ, ಕಡ್ಡಿ, ಚಿತ್ರದ ಕಾರ್ಡುಗಳಿಂದ ಕಲಿಸಿ ಎಂದರು. ಹುಣಸೆ ಬೀಜವನ್ನು ಅಷ್ಟರೊಳಗೆ ನಾನು ಬಹಳ ಸಲ ಎಣಿಸಿಯಾಗಿತ್ತು. ಆದರೂ ಸರ್ಕಾರವೇ ಬೀಜ ಎಣಿಸಿ ಎಂದಾಗ ಒಂಥರಾ ಧೈರ್ಯ ಬಂತು. ಆ ಧೈರ್ಯದಲ್ಲೇ ನಿಮಗೆ ಹೇಳುತ್ತಿದ್ದೇನೆ: ನಿಮ್ಮ ಮನೆಯಲ್ಲಿ ಹುಣಸೆ ಬೀಜಕ್ಕಿಂತ ಒಳ್ಳೆಯ ಸಾಮಾನಿದೆ. ನಿಮ್ಮ ಕೊರಳಲ್ಲಿ ನೇತಾಡುವ ಅಳತೆ ಟೇಪು.

ಟೇಪಿನ ಒಂದು ಮಗ್ಗುಲಲ್ಲಿ ಅರವತ್ತು ಇಂಚು, ಇನ್ನೊಂದು ಮಗ್ಗುಲಲ್ಲಿ ನೂರೈವತ್ತು ಸೆಂಟಿಮೀಟರ್. ಸೆಂಟಿಮೀಟರ್ ಮಗ್ಗುಲನ್ನು ಮೇಲೆ ಮಾಡಿ ನೆಲದ ಮೇಲೆ ಹಾಸಿ, ಅವನಿಗೆ ಹದಿನೇಳು ಹುಡುಕಲು ಹೇಳಿ. ಅಲ್ಲಿಗೆ ಅವನ ಗೇಣು ಇಡಿಸಿ, ಗೇಣಿಗಿಂತ ಸ್ವಲ್ಪ ಉದ್ದ ಬರುತ್ತದೆ. ಆಮೇಲೆ ಎಪ್ಪತ್ತೊಂದು. ಟೇಪಿನ ತುದಿ ಪಾದದ ಹತ್ತಿರ ಹಿಡಿದು ನಿಲ್ಲಿಸಿದರೆ ಹೆಚ್ಚುಕಡಿಮೆ ಸೊಂಟಕ್ಕೆ ಬರುತ್ತದೆ. ಗೇಣಿಗೂ ಸೊಂಟಕ್ಕೂ ಇರುವ ಅಂತರ ಒಮ್ಮೆ ಮೈಗೆ ತಿಳಿದರೆ 17ಕ್ಕೂ 71ಕ್ಕೂ ಇರುವ ಅಂತರ ತಿಳಿದ ಹಾಗೇ. ಇದನ್ನು ನಲವತ್ತು ಪುಟ ಬರೆದರೂ ತಿಳಿಯದೆ ಇರಬಹುದು.

ಅಲ್ಲಿಂದ ಮುಂದೆ ಆಟ ತಾನೇ ಬೆಳೆಯುತ್ತದೆ. ಬಾಗಿಲು ಎಷ್ಟು ಅಗಲ, ತಂಗಿ ಎಷ್ಟು ಎತ್ತರ, ಮಿಷನ್ನಿನ ಮೇಜು ಎಷ್ಟು ಉದ್ದ. ಅಳೆಯುವ ಮೊದಲು ಅವನು ಒಂದು ಅಂದಾಜು ಹೇಳಬೇಕು, ನೀವೊಂದು ಹೇಳಬೇಕು. ಯಾರದು ಹತ್ತಿರ? ಎಷ್ಟು ತಪ್ಪಿತು? ಆ ‘ಎಷ್ಟು ತಪ್ಪಿತು’ ಎಂಬುದೇ ಕಳೆಯುವ ಲೆಕ್ಕ, ಆದರೆ ಹಾಗಂತ ಅವನಿಗೆ ಹೇಳಬೇಡಿ. ಹೇಳಿದರೆ ಹೊಟ್ಟೆ ನೋವು ಬರುತ್ತದೆ. ಹದಿನೇಳರ ಮೇಲೆ ಬೆರಳಿಟ್ಟು ಹತ್ತು ಮುಂದೆ ಹೋದರೆ ಎಲ್ಲಿ, ಇನ್ನೂ ಹತ್ತು ಹೋದರೆ ಎಲ್ಲಿ? ಇಪ್ಪತ್ತೇಳು, ಮೂವತ್ತೇಳು, ನಲವತ್ತೇಳು. ಕೊನೆಯ ಅಂಕಿ ಕದಲುವುದಿಲ್ಲ ಎಂಬುದನ್ನು ಅವನೇ ಕಂಡುಹಿಡಿಯಲಿ. ಕಂಡುಹಿಡಿದ ದಿನ ನಿಮ್ಮ ಕೆಲಸ ಬಿಡಿಸಿ ಕರೆದು ತೋರಿಸುತ್ತಾನೆ, ನೋಡುತ್ತಿರಿ.

ನಿಮ್ಮ ಹತ್ತಿರ ಗಿರಾಕಿಗಳ ಅಳತೆ ಬರೆದಿಡುವ ನೋಟ್‌ಬುಕ್ ಇದ್ದೇ ಇರುತ್ತದೆ. ಅಂಥದ್ದೇ ಒಂದು ಸಣ್ಣ ಪುಸ್ತಕ ಅವನಿಗೂ ಮಾಡಿಕೊಡಿ. ಮನೆಮಂದಿಯ ಹೆಸರು, ಎದುರಿಗೆ ಅವರವರ ಎತ್ತರ, ತೋಳಿನ ಉದ್ದ. ಮನೆಗೆ ಬಂದವರದೂ ಬರೆದುಕೊಳ್ಳಲಿ. ದಿಂಬಿನ ಕವರು ಹೊಲಿಯುವಾಗ ಉದ್ದ, ಅಗಲ ಅವನೇ ಅಳೆದು ಬರೆಯಲಿ, ನೀವು ಆ ಲೆಕ್ಕಕ್ಕೇ ಬಟ್ಟೆ ಕತ್ತರಿಸಿ. ಒಂದು ಸಲ ಅಳತೆ ತಪ್ಪಿ ದಿಂಬು ಒಳಗೆ ಹೋಗದೆ ಇದ್ದರೆ ಹೋಗಲಿ, ಹಳೆ ಸೀರೆಯ ತುಂಡು ತಾನೆ. ಕಾಪಿ ರೈಟಿಂಗ್ ಪುಸ್ತಕದಲ್ಲಿ 5ನ್ನು ತಿರುಗುಮುರುಗು ಬರೆದರೆ ಕೆಂಪು ಗೆರೆ ಬೀಳುತ್ತದೆ, ಅಷ್ಟೆ. ಇಲ್ಲಿ ದಿಂಬು ಹಿಡಿಸುವುದಿಲ್ಲ. ಯಾವುದು ನೆನಪಿನಲ್ಲಿ ಉಳಿಯುತ್ತದೆ?

ಮಗಳಿಗೆ ಗುಂಡಿ ಡಬ್ಬಿ. ನಾಲ್ಕು ವರ್ಷದ ಮಗುವಿಗೆ ಅಕ್ಷರ ತಿದ್ದಿಸುವ ಅವಸರ ಬೇಡ, ಬೆರಳಿಗೆ ಬಲ ಬರಲಿ. ಬಣ್ಣಕ್ಕೊಂದು ಗುಂಪು, ಎರಡು ತೂತಿನವು ಬೇರೆ, ನಾಲ್ಕು ತೂತಿನವು ಬೇರೆ, ದೊಡ್ಡವು ಬೇರೆ. ದಪ್ಪ ದಾರಕ್ಕೆ ಪೋಣಿಸಿದರೆ ಸರ. ಆದರೆ ನಿಮ್ಮ ಕಣ್ಣೆದುರಿಗೇ ಆಡಬೇಕು, ಗುಂಡಿ ಬಾಯಿಗೆ ಹೋಗುವುದಕ್ಕೆ ಒಂದು ಗಳಿಗೆ ಸಾಕು. ಸೂಜಿ, ಕತ್ತರಿ, ಇಸ್ತ್ರಿಪೆಟ್ಟಿಗೆ ಎಲ್ಲಿಡಬೇಕು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕುವಾಗ ಚುಕ್ಕಿ ಇಡುವ ಕೆಲಸ ಅವಳಿಗೆ ಬಿಡಿ. ಸಾಲು ಡೊಂಕಾಗುತ್ತದೆ, ಬಂದವರು ನಗುತ್ತಾರೆ, ಅಷ್ಟೇ ತಾನೆ?

ಈಗ ಮರೆವಿನ ಮಾತು. ರಜೆಯಲ್ಲಿ ಮಕ್ಕಳು ಮರೆಯುತ್ತಾರೆಯೇ? ಮರೆಯುತ್ತಾರೆ, ಸುಳ್ಳು ಹೇಳುವುದಿಲ್ಲ. ಅಮೆರಿಕದಲ್ಲಿ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ದೀರ್ಘ ಬೇಸಿಗೆ ರಜೆಯ ಕೊನೆಗೆ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬಿದ್ದಿದ್ದರು. ಕೂಡು-ಕಳೆ ಲೆಕ್ಕ ಮತ್ತು ಸ್ಪೆಲಿಂಗಿನಲ್ಲಿ ಹೆಚ್ಚು, ಓದಿನಲ್ಲಿ ಕಡಿಮೆ. ಆ ಲೆಕ್ಕ ಅಷ್ಟು ಗಟ್ಟಿಯಲ್ಲ ಎಂದು ಆಮೇಲೆ ಬಂದ ಸಂಶೋಧಕರು ತಕರಾರು ತೆಗೆದಿದ್ದಾರೆ, ಆ ಜಗಳ ಅವರಿಗಿರಲಿ. ನಮ್ಮಲ್ಲಿ ನಿಜವಾದ ಮರೆವು ಕಂಡದ್ದು ಕೊರೊನಾ ಕಾಲದಲ್ಲಿ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ನೋಡಿದರು. ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಭಾಷಾ ಸಾಮರ್ಥ್ಯ ನೂರಕ್ಕೆ 92 ಮಕ್ಕಳಲ್ಲಿ ಹೋಗಿತ್ತು, ಗಣಿತದಲ್ಲಿ ನೂರಕ್ಕೆ 82. ಆದರೆ ಅದು ವರ್ಷದ ಹತ್ತಿರ ಶಾಲೆಯ ಬಾಗಿಲು ಮುಚ್ಚಿದ್ದ ಕಥೆ. ನಿಮ್ಮದು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗಿನ ಏಳು ವಾರ. ಏಳು ವಾರದಲ್ಲಿ ಮಸುಕಾದದ್ದು ಶಾಲೆ ಶುರುವಾದ ಮೇಲೆ ಎರಡು ಮೂರು ವಾರದಲ್ಲಿ ತಿರುಗಿ ಬರುವುದನ್ನು ನಾನು ಪ್ರತಿ ಜೂನ್‌ನಲ್ಲೂ ಕಂಡಿದ್ದೇನೆ. ತಿರುಗಿ ಬಾರದೆ ಇರುವುದು ಒಂದೇ, ಪುಸ್ತಕ ಕಂಡರೆ ಹೊಟ್ಟೆ ನೋವು ಬರುವ ಮಗುವಿನ ಮನಸ್ಸು.

ಇದು ಉಪದೇಶಕ್ಕೆ ಹೇಳುತ್ತಿರುವ ಮಾತಲ್ಲ. ನನ್ನ ಮಗ ಎರಡನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ, ಟೀಚರ ಮಗ ಹಿಂದೆ ಬೀಳಬಾರದು ಎಂಬ ಹಟಕ್ಕೆ ಬಿದ್ದು ಗೋಡೆಗೆ ಟೈಂಟೇಬಲ್ ಅಂಟಿಸಿದ್ದೆ. ಏಳರಿಂದ ಎಂಟು ಮಗ್ಗಿ, ಎಂಟರಿಂದ ಒಂಬತ್ತು ಉಕ್ತಲೇಖನ. ಮೇ ಮುಗಿಯುವಷ್ಟರಲ್ಲಿ ಹದಿಮೂರರ ಮಗ್ಗಿ ಬಾಯಿಗೆ ಬಂತು. ಜೊತೆಗೆ ರಾತ್ರಿ ಹಾಸಿಗೆ ಒದ್ದೆ ಮಾಡುವುದೂ ಶುರುವಾಯಿತು. ಈಗ ಅವನಿಗೆ ನಲವತ್ತರ ಹತ್ತಿರ. ಇವತ್ತಿಗೂ ಬಿಲ್ಲು ಕೂಡಬೇಕಾದರೆ ಹೆಂಡತಿಯ ಕೈಗೆ ಕೊಡುತ್ತಾನೆ.

ಹಾಗಾದರೆ ಆ ನಲವತ್ತು ಪುಟ? ಒಂದು, ಎರಡನೇ ತರಗತಿಯ ಮಕ್ಕಳಿಗೆ ಮನೆಗೆಲಸ ಕೊಡಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು, ಮರುವರ್ಷ ನಮ್ಮ ರಾಜ್ಯವೂ ಅದನ್ನೇ ಹೇಳಿತು. ನಿಮ್ಮ ಶಾಲೆಯವರು ಓದಿದ್ದಾರೋ ಇಲ್ಲವೋ. ಇದಕ್ಕಾಗಿ ಶಾಲೆಯ ಜೊತೆ ಜಗಳಕ್ಕೆ ಹೋಗಿ ಎಂದು ನಾನು ಹೇಳುವುದಿಲ್ಲ, ವರ್ಷವಿಡೀ ಮಗು ಅಲ್ಲೇ ಇರಬೇಕು. ಆ ಪುಟಗಳನ್ನು ಒಟ್ಟಿಗೆ ಹರಡಿ ಅವನ ಮುಂದಿಡಿ, ‘ಯಾವ ಹತ್ತು ಮಾಡುತ್ತೀ, ನೀನೇ ಆರಿಸು’ ಅನ್ನಿ. ಚಿತ್ರ ಇರುವುದನ್ನೇ ಆರಿಸಿದರೂ ಸರಿ. ದಿನಕ್ಕೆ ಅರ್ಧ ಪುಟದ ಮೇಲೆ ಬೇಡ. ಶಾಲೆ ಶುರುವಾದ ದಿನ ಅವನ ಅಳತೆ ಪುಸ್ತಕವನ್ನೂ ಜೊತೆಗಿಟ್ಟು, ‘ಟೀಚರ್, ಇಷ್ಟು ಮಾಡಿದ್ದಾನೆ, ಇದನ್ನೂ ಮಾಡಿದ್ದಾನೆ’ ಎಂದು ಒಂದು ಚೀಟಿ ಬರೆದು ಕಳಿಸಿ. ಕನ್ನಡದಲ್ಲೇ ಬರೆಯಿರಿ. ಒಳ್ಳೆಯ ಟೀಚರ್ ಆಗಿದ್ದರೆ ಮೊದಲು ಅಳತೆ ಪುಸ್ತಕವನ್ನೇ ತೆರೆಯುತ್ತಾರೆ.

ಏಟು ಕೊಟ್ಟದ್ದನ್ನು ಮುಚ್ಚಿಡದೆ ಬರೆದಿದ್ದೀರಿ, ಅದಕ್ಕೇ ಇದನ್ನೂ ನೇರವಾಗಿ ಹೇಳುತ್ತೇನೆ. ಪುಸ್ತಕದ ಮುಂದೆ ಕೂರಿಸಿ ಮತ್ತೆ ಹೊಡೆಯಬೇಡಿ. ಸಿಟ್ಟು ಬಂದರೆ ಪುಸ್ತಕ ಮುಚ್ಚಿ, ಎದ್ದುಹೋಗಿ ನೀರು ಕುಡಿಯಿರಿ. ಅವತ್ತಿನ ಓದು ಅವತ್ತಿಗೆ ಮುಗಿಯಿತು. ಬೆಳಿಗ್ಗೆ ‘ನಿನ್ನೆ ಅವ್ವ ಹೊಡೆಯಬಾರದಿತ್ತು’ ಎಂದು ಅವನಿಗೊಂದು ಮಾತು ಹೇಳಿದರೆ ನಿಮ್ಮ ದೊಡ್ಡತನಕ್ಕೇನೂ ಕುಂದಿಲ್ಲ.

ಓದಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ದಿನಕ್ಕೆ ಇಪ್ಪತ್ತು ನಿಮಿಷ, ತಪ್ಪಿಸುವಂತಿಲ್ಲ. ಯಾರು ಓದಬೇಕು? ನೀವು. ರಾತ್ರಿ ಊಟ ಆದ ಮೇಲೆ ಎರಡೂ ಮಕ್ಕಳನ್ನು ಆಚೆ ಈಚೆ ಕೂರಿಸಿಕೊಂಡು ಒಂದು ಕಥೆ ಪುಸ್ತಕವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ, ಬೆರಳು ಅಕ್ಷರದ ಕೆಳಗೆ ಸಾಗುತ್ತಿರಲಿ. ಅವನು ನಡುವೆ ಬಾಯಿ ಹಾಕಿ ‘ಇದು ನಾನು ಓದುತ್ತೀನಿ’ ಅಂದರೆ ಬಿಟ್ಟುಕೊಡಿ, ಅನ್ನದಿದ್ದರೆ ಕೇಳಬೇಡಿ. ನಿನ್ನೆಯ ಪುಸ್ತಕವನ್ನೇ ಇವತ್ತೂ ಓದು ಎಂದು ಮಗಳು ಹಟ ಹಿಡಿದರೆ ಅದನ್ನೇ ಓದಿ. ಮುಂದಿನ ಮಾತು ಏನು ಬರುತ್ತದೆ ಎಂದು ಗೊತ್ತಿರುವ ಪುಟದಲ್ಲೇ ಮಗು ಓದಲು ಕಲಿಯುವುದು.

‘ಇಂಗ್ಲಿಷ್ ಮೀಡಿಯಂ ಹುಡುಗನಿಗೆ ಕನ್ನಡ ಓದಿ ಏನು ಲಾಭ’ ಎಂದು ಯಾರಾದರೂ ಕೇಳಬಹುದು. ಗುರುತುಗಳನ್ನು ಕೂಡಿಸಿದರೆ ಮಾತಾಗುತ್ತದೆ, ಮಾತು ಕೂಡಿದರೆ ಕಥೆಯಾಗುತ್ತದೆ ಎಂಬ ಗುಟ್ಟು ಮಗುವಿಗೆ ಒಂದು ಭಾಷೆಯಲ್ಲಿ ಹೊಳೆದರೆ ಸಾಕು, ಇನ್ನೊಂದು ಭಾಷೆಗೆ ಅದನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ಅದು ಮೊದಲು ಹೊಳೆಯುವುದು ಮನೆಮಾತಿನಲ್ಲಿ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಎಂಟು ವರ್ಷದ ಮಕ್ಕಳ ವಿಷಯದಲ್ಲಿ ಮನೆಮಾತು ಮತ್ತು ಆಟದ ಪರವಾಗಿಯೇ ಮಾತಾಡುತ್ತದೆ. ಅಲ್ಲದೆ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಯಾವ ಮೀಡಿಯಂ ಇದ್ದರೂ ಕನ್ನಡ ಕಲಿಯಲೇಬೇಕು, ಆದ್ದರಿಂದ ಅವನ ಚೀಲದಲ್ಲೂ ಒಂದು ಕನ್ನಡ ಪುಸ್ತಕ ಇದ್ದೇ ಇದೆ.

ಒಂದನೇ ತರಗತಿ ಮುಗಿಸಿದ ಮಕ್ಕಳು ಕಾಗುಣಿತ ದಾಟಿ ಒತ್ತಕ್ಷರದ ಹತ್ತಿರ ಮುಗ್ಗರಿಸುತ್ತಾರೆ. ಅದಕ್ಕೆ ಪುಸ್ತಕವೂ ಬೇಡ. ಅಪ್ಪ, ಅವ್ವ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ, ಅತ್ತೆ: ಮನೆಮಂದಿಯನ್ನೆಲ್ಲ ಕರೆದರೆ ಒತ್ತಕ್ಷರದ ಪಾಠ ಅರ್ಧ ಮುಗಿದ ಹಾಗೆ. ಮಾವ ಒಬ್ಬ ಬೇಕೆಂದೇ ಒತ್ತಿಲ್ಲದೆ ನಿಂತಿದ್ದಾನೆ. ಈ ಹೆಸರುಗಳನ್ನು ಹಳೆ ಮದುವೆ ಕಾರ್ಡಿನ ಹಿಂದೆ ಬರೆದು ಕತ್ತರಿಸಿ ಚೀಟಿ ಮಾಡಿ. ಬಸ್ ಸ್ಟ್ಯಾಂಡಿಗೆ ಹೋದಾಗ ಬೋರ್ಡು ಓದುವ ಕೆಲಸ ಅವನದು. ಹಾವೇರಿ, ಬ್ಯಾಡಗಿ, ಹರಿಹರ, ಹಿರೇಕೆರೂರು. ಅವನು ಓದುವವರೆಗೆ ಬಸ್ಸು ಹತ್ತುವಂತಿಲ್ಲ ಎಂದು ಆಟ ಕಟ್ಟಿ. ಚಹಾಪುಡಿ ಪೊಟ್ಟಣ, ಜಾತ್ರೆಯ ಪೋಸ್ಟರು, ಗೋಡೆ ಬರಹ, ಯಾವುದೂ ಆಗುತ್ತದೆ. ಅವನ ಇಂಗ್ಲಿಷ್ ಪುಸ್ತಕವನ್ನು ಅವನೇ ನಿಮಗೆ ಓದಿ ಹೇಳಲಿ, ನೀವು ಅರ್ಥವನ್ನು ಕನ್ನಡದಲ್ಲಿ ಕೇಳಿ. ಅವ್ವನಿಗೆ ಗೊತ್ತಿಲ್ಲದ್ದು ತನಗೆ ಗೊತ್ತು ಎಂಬುದು ಏಳು ವರ್ಷದವನಿಗೆ ಸಣ್ಣ ಸುಖವಲ್ಲ.

ಪುಸ್ತಕಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಿಂದ ‘ಸ್ಟೋರಿವೀವರ್’ ಎಂಬ ತಾಣದಲ್ಲಿ ಮಕ್ಕಳ ಚಿತ್ರಕಥೆಗಳನ್ನು ಪುಕ್ಕಟೆ ಓದಲು ಬಿಟ್ಟಿದೆ, ಕನ್ನಡದ ಕಥೆಗಳು ಬೇಕಾದಷ್ಟಿವೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಕೆಲವು ಊರಲ್ಲಿ ಚೆನ್ನಾಗಿ ನಡೆಯುತ್ತಿವೆ, ಕೆಲವು ಕಡೆ ಬೀಗ ತೆಗೆಯುವವರನ್ನು ಹುಡುಕಬೇಕು. ನಿಮ್ಮ ತವರಿನದು ಯಾವ ಬಗೆಯದೋ ನಿಮ್ಮವ್ವನನ್ನು ಕೇಳಿ. ಪಂಜೆ ಮಂಗೇಶರಾಯರ, ರಾಜರತ್ನಂ ಅವರ ಶಿಶುಗೀತೆಗಳು ನಿಮಗೆ ಬಾಯಿಗೆ ಬರುತ್ತಿರಬೇಕು. ಮಿಷನ್ ತುಳಿಯುತ್ತಲೇ ಹಾಡಿ, ಅದಕ್ಕೆ ಪುಸ್ತಕವೇಕೆ?

ಮೊಬೈಲಿಗೆ ಬರೋಣ. ನೀವು ಕೆಲಸ ಮಾಡಿದರೆ ಮನೆ ನಡೆಯುತ್ತದೆ, ಮದುವೆ ಸೀಸನ್ನಿನಲ್ಲಂತೂ ಬ್ಲೌಸು ಇವತ್ತೇ ಬೇಕು ಎಂದು ಗಿರಾಕಿ ಬಾಗಿಲಲ್ಲಿ ಕೂತಿರುತ್ತಾರೆ. ಆಗ ಮಕ್ಕಳ ಕೈಗೆ ಫೋನ್ ಕೊಟ್ಟ ತಾಯಿಯನ್ನು ಅಪರಾಧಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ ಹೀಗಿದೆ: ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಯೊಳಗೆ. ಆ ಒಂದು ಗಂಟೆಯನ್ನು ನಿಮಗೆ ಯಾವಾಗ ಬೇಕೋ ಆಗ ಖರ್ಚು ಮಾಡಿ. ಬಿಸಿಲು ಸುಡುವ ಎರಡರಿಂದ ಮೂರು ಗಂಟೆಗೆ ಇಟ್ಟುಕೊಂಡರೆ ಒಳ್ಳೆಯದು, ಹೇಗೂ ಹೊರಗೆ ಬಿಡುವಂತಿಲ್ಲ. ಅತ್ತಾಗ ಕೊಡುವುದು ಬೇಡ, ಗಡಿಯಾರ ನೋಡಿ ಕೊಡಿ, ಗಡಿಯಾರ ನೋಡಿ ಇಸಿದುಕೊಳ್ಳಿ. ಮೂರು ಗಂಟೆ ಆಯಿತೇ ಎಂದು ಅವನೇ ಮುಳ್ಳು ನೋಡಿ ಹೇಳಬೇಕು. ಒಂದೊಂದೇ ಚಿಕ್ಕ ವಿಡಿಯೋ ತಾನಾಗಿ ಬರುತ್ತಾ ಹೋಗುವ ಶಾರ್ಟ್ಸ್ ಬೇಡ, ಆದಿ ಅಂತ್ಯ ಇರುವ ಒಂದು ಕಥೆ ಇರಲಿ. ಉಳಿದ ಹೊತ್ತು ‘ಬೇಜಾರು’ ಎಂದು ಗೊಣಗುತ್ತ ಸುತ್ತುತ್ತಾರೆ. ಸುತ್ತಲಿ. ಅರ್ಧ ಗಂಟೆ ಕಳೆದ ಮೇಲೆ ಬಟ್ಟೆ ಚೂರಿನಲ್ಲಿ ಏನೋ ಒಂದು ಕಟ್ಟುತ್ತಿರುತ್ತಾರೆ.

ಇನ್ನು ನಿಮ್ಮವ್ವನ ಕರೆ. ಕಳಿಸಿ. ಯೋಚನೆಯೇ ಬೇಡ. ನಿಮ್ಮ ಪತ್ರದಲ್ಲಿ ಐದು ಸಾವಿರದ ಎರಡು ಕ್ಲಾಸುಗಳಿದ್ದವಲ್ಲ, ಅದಕ್ಕಿಂತ ದೊಡ್ಡ ಕ್ಲಾಸು ಹಿರೇಕೆರೂರಿನ ಕಡೆ ಪುಕ್ಕಟೆ ಇದೆ. ಅದು ಸರ್ವಜ್ಞನ ಸೀಮೆ, ಒಗಟಿನಲ್ಲಿ ನಿಮ್ಮ ಕಡೆಯ ಹಿರಿಯರನ್ನು ಸೋಲಿಸುವುದು ಕಷ್ಟ. ಒಗಟು ಬಿಡಿಸುವ ಮಗು ಪದವನ್ನು ಇನ್ನೊಂದು ಮಗ್ಗುಲಿನಿಂದ ನೋಡಲು ಕಲಿಯುತ್ತದೆ. ರಾತ್ರಿ ಅಂಗಳದಲ್ಲಿ ಮಲಗಿ ಒಂದೊಂದು ಒಗಟು ಕಲಿತು ಬರಲಿ, ವಾಪಸು ಬಂದ ಮೇಲೆ ಅಪ್ಪನಿಗೆ ಹಾಕಲಿ. ಅಪ್ಪ ಸೋತರೆ ಇನ್ನೂ ಒಳ್ಳೆಯದು.

ಚೌಕಾಬಾರವನ್ನು ನಿಮ್ಮವ್ವ ಯಾವ ಹೆಸರಿನಲ್ಲಿ ಕರೆಯುತ್ತಾರೋ, ಅದನ್ನು ಕಲಿಸಲು ಹೇಳಿ. ಇಪ್ಪತ್ತೈದು ಮನೆ ಬರೆಯಲು ಒಂದು ತುಂಡು ಸೀಮೆಸುಣ್ಣ ಸಾಕು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜವನ್ನು ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬಿಳಿ ಮಾಡಿದರೆ ಆಯಿತು. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪು ಬಿದ್ದರೆ ಎಂಟು. ಎದುರಾಳಿಯ ಕಾಯಿ ಆರು ಮನೆ ಮುಂದಿದೆ, ಈಗ ಎರಡು ಬಿದ್ದಿದೆ, ಕಡಿಯಲು ಇನ್ನೆಷ್ಟು ಬೇಕು? ವರ್ಕ್‌ಬುಕ್ಕಿನಲ್ಲಿ ಆರರಲ್ಲಿ ಎರಡು ಕಳೆ ಎಂದರೆ ಆಕಳಿಸುವ ಹುಡುಗ ಇಲ್ಲಿ ಮನೆ ಎಣಿಸುತ್ತ ಎಣಿಸುತ್ತ ಉಸಿರು ಬಿಗಿಹಿಡಿಯುತ್ತಾನೆ. ಅಬಾಕಸ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹದಿನೇಳು ಅಂದರೆ ಏನೆಂದು ಇನ್ನೂ ಗೊತ್ತಾಗದವನಿಗೆ ಅದರ ಅವಸರವಿಲ್ಲ, ಸಾಲ ಮಾಡಿ ಸೇರಿಸುವಂಥದ್ದಂತೂ ಖಂಡಿತ ಅಲ್ಲ. ಹ್ಯಾಂಡ್‌ರೈಟಿಂಗ್ ಕ್ಲಾಸಿನ ಬಗ್ಗೆ ನನಗೆ ಹೇಳುವುದಕ್ಕೇ ಏನೂ ಇಲ್ಲ.

ಅಜ್ಜಿ ಸಂಡಿಗೆ ಹಾಕುವಾಗ ಇಬ್ಬರೂ ಕೈ ಹಾಕಲಿ, ಒಂದು ಸಾಲಿಗೆ ಎಷ್ಟು, ಎಷ್ಟು ಸಾಲು, ಕಾಗೆ ಎಷ್ಟು ಕದ್ದವು. ನಾಲ್ಕು ಪಾವಿಗೆ ಒಂದು ಸೇರು ಎಂಬುದನ್ನು ಜೋಳ ಸುರಿದೇ ನೋಡಲಿ. ಹೆಸರುಕಾಳು ರಾತ್ರಿ ನೆನೆಹಾಕಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನ ಮೊಳಕೆ ಮೂತಿ ತೋರಿಸುತ್ತದೆ. ಕಳಿಸುವಾಗ ಒಂದು ಎಚ್ಚರ ಮಾತ್ರ ನಿಮ್ಮ ತವರಿನವರಿಗೆ ಒತ್ತಿ ಹೇಳಿ. ಹೊಲದಲ್ಲಿ ಕೃಷಿಹೊಂಡ ಇದ್ದರೆ ಮಕ್ಕಳು ಆ ಕಡೆ ಒಬ್ಬರೇ ಸುಳಿಯಬಾರದು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಜಾರಿದರೆ ದೊಡ್ಡವರಿಗೂ ಹತ್ತಿ ಬರುವುದು ಕಷ್ಟ. ಕೆರೆ, ಬಾವಿಗೂ ಇದೇ ಮಾತು.

ಹಳ್ಳಿಗೆ ಹೋಗುವ ಮುಂಚೆ ನಿಮ್ಮೂರಿನಲ್ಲೇ ಒಂದು ಸೋಜಿಗ ನೋಡಿಸಿ. ಏಪ್ರಿಲ್ 30ರ ಆಸುಪಾಸಿನಲ್ಲಿ ರಾಣೆಬೆನ್ನೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರುತ್ತಾನೆ. ಮಧ್ಯಾಹ್ನ ಹನ್ನೆರಡೂ ಇಪ್ಪತ್ತೈದರ ಹೊತ್ತಿಗೆ ಅಂಗಳದಲ್ಲಿ ಲಟ್ಟಣಿಗೆಯನ್ನು ನೆಟ್ಟಗೆ ನಿಲ್ಲಿಸಿದರೆ ನೆರಳೇ ಬೀಳುವುದಿಲ್ಲ. ಬೆಂಗಳೂರಿಗೆ ಈ ದಿನ ಏಪ್ರಿಲ್ 24ರ ಸುಮಾರಿಗೆ, ಉತ್ತರದ ಕಲಬುರಗಿಗೆ ಮೇ 10ರ ಸುಮಾರಿಗೆ. ಆಗಸ್ಟ್‌ನಲ್ಲಿ ಮತ್ತೊಮ್ಮೆ ಬರುತ್ತದೆ, ಆದರೆ ಆಗ ಮೋಡ. ಬೆಳಿಗ್ಗೆ ಎಂಟರಿಂದ ಗಂಟೆಗೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿಸಿ, ಟೇಪಿನಲ್ಲಿ ಅಳೆಸಿ, ಆ ಅಳತೆ ಪುಸ್ತಕದಲ್ಲೇ ಬರೆಸಿ. ನಡುಮಧ್ಯಾಹ್ನ ಟೊಪ್ಪಿಗೆ ಹಾಕಿ ಐದು ನಿಮಿಷ ಸಾಕು, ಒಳಗೆ ಕರೆದುಕೊಂಡು ಬನ್ನಿ. ನೆರಳು ಎಲ್ಲಿಗೆ ಹೋಯಿತು ಎಂದು ಅವನು ಕೇಳುತ್ತಾನೆ. ಗೊತ್ತಿಲ್ಲದಿದ್ದರೆ ‘ನನಗೂ ಗೊತ್ತಿಲ್ಲ, ಟೀಚರನ್ನು ಕೇಳು’ ಅನ್ನಿ. ಶಾಲೆಗೆ ಒಂದು ಪ್ರಶ್ನೆ ಹಿಡಿದುಕೊಂಡು ಹೋಗುವ ಹುಡುಗ ಆಗಲಿ.

ಯಜಮಾನರಿಗೂ ಒಂದು ಕೆಲಸ ಇರಲಿ, ಎಲ್ಲವನ್ನೂ ನಿಮ್ಮ ತಲೆಗೇ ಕಟ್ಟಿದರೆ ನ್ಯಾಯವಲ್ಲ. ರಜೆಯ ದಿನ ಸಂತೆಗೆ ಮಗನನ್ನು ಕರೆದುಕೊಂಡು ಹೋಗಲಿ, ಐವತ್ತು ರೂಪಾಯಿ ಅವನ ಕೈಗೇ ಕೊಟ್ಟು ಚಿಲ್ಲರೆ ಅವನೇ ಎಣಿಸಿ ಪಡೆಯಲಿ. ಊರ ಪಕ್ಕದಲ್ಲೇ ಕೃಷ್ಣಮೃಗಗಳ ಅಭಯಾರಣ್ಯವಿದೆ, 1974ರಿಂದ. ರಾಣೆಬೆನ್ನೂರಿನಲ್ಲೇ ಹುಟ್ಟಿ ಬೆಳೆದು ಒಂದು ಜಿಂಕೆಯನ್ನೂ ನೋಡದ ಮಕ್ಕಳನ್ನು ಕಂಡಿದ್ದೇನೆ. ಒಂದು ಬೆಳಿಗ್ಗೆ, ಬಿಸಿಲೇರುವ ಮುನ್ನ, ನಾಲ್ವರೂ ಹೋಗಿಬನ್ನಿ.

ಕೊನೆಗೊಂದು ಮಾತು. ಇಷ್ಟೆಲ್ಲ ಮಾಡಿಯೂ ಶಾಲೆ ಶುರುವಾಗಿ ಎರಡು ಮೂರು ತಿಂಗಳು ಕಳೆದ ಮೇಲೆ ಅವನು ಸರಳವಾದ ಪದಗಳನ್ನೂ ಓದಲಾರದೆ ತಿಣುಕಿದರೆ, ಅಥವಾ ಈಗಲೇ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದರೆ, ಕಣ್ಣಿನ ಡಾಕ್ಟರಿಗೆ ತೋರಿಸಿ, ಟೀಚರ ಹತ್ತಿರ ಕೂತು ಮಾತಾಡಿ. ಏಳು ವರ್ಷಕ್ಕೆ ಅಂಕಿ ತಿರುಗುಮುರುಗು ಆಗುವುದು ಸಾಮಾನ್ಯ, ಅದೊಂದಕ್ಕೇ ಹೆದರಬೇಡಿ.

ಹಳ್ಳಿಯಿಂದ ಬಂದ ಮೇಲೆ ನನಗೆ ಇನ್ನೊಂದು ಪತ್ರ ಹಾಕಿ. ಅರ್ಧ ನೀವು ಬರೆಯಿರಿ, ಉಳಿದರ್ಧ ಅವನು ಬರೆಯಲಿ: ಅಜ್ಜಿಯ ಎತ್ತರ ಎಷ್ಟು, ಸಂಡಿಗೆ ಎಷ್ಟು, ಕಾಗೆ ಕದ್ದದ್ದೆಷ್ಟು. ಒತ್ತಕ್ಷರ ತಪ್ಪಿದ್ದರೆ ತಿದ್ದಬೇಡಿ, ಹಾಗೇ ಕಳಿಸಿ.